ಗ್ರಂಥಾಲಯದ ಕಂಪ್ಯೂಟರ್: ಏನನ್ನು ತಡೆಯಬೇಕು, ಏನನ್ನು ಬಿಡಬೇಕು?

ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಅಲ್ಲಿಗೆ ಕಂಪ್ಯೂಟರು, ಇಂಟರ್ನೆಟ್ಟು ಬಂದ ಮೇಲೆ ಕೊಡಗಿನ ಓದುಗರಿಂದ ಈ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಆಯ್ದ ಕೆಲವಕ್ಕೆ ಈ ಸಲ ಉತ್ತರ. ವಿಳಾಸ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ‘ಡಾಟ್’ ಎಂದಿರುವಲ್ಲಿ ಚುಕ್ಕಿ ಇಡಿ.

ಪ್ರಶ್ನೆ: ನಮ್ಮಲ್ಲಿ ನಾಲ್ಕು ಕಂಪ್ಯೂಟರ್, ಒಂದು ಫೈಬರ್ ಸಂಪರ್ಕ ಇದೆ. ಸಂಜೆ ಶಾಲೆ ಬಿಟ್ಟ ಮಕ್ಕಳು, ತೋಟದ ಲೈನ್ ಮನೆಗಳ ಮಕ್ಕಳು ಬರುತ್ತಾರೆ. ಅಶ್ಲೀಲ ಜಾಲತಾಣಗಳು ತೆರೆಯದಂತೆ ಮಾಡಲು ಸಾಫ್ಟ್‌ವೇರ್ ಕೊಳ್ಳಲು ಅನುದಾನ ಇಲ್ಲ. ಖರ್ಚಿಲ್ಲದ ದಾರಿ ಇದೆಯೇ?
– ಗ್ರಂಥಾಲಯ ಮೇಲ್ವಿಚಾರಕಿ, ನಾಪೋಕ್ಲು ಕಡೆಯಿಂದ

ಇದೆ. ಮೊದಲು ಮಾಡಬೇಕಾದದ್ದೂ ಅದನ್ನೇ. ಯಾವುದೇ ತಾಣದ ಹೆಸರು ಟೈಪ್ ಮಾಡಿದಾಗ ಕಂಪ್ಯೂಟರ್ ಮೊದಲು ಒಂದು ಡಿಎನ್‌ಎಸ್ ಸರ್ವರನ್ನು ಕೇಳಿ ಆ ಹೆಸರಿನ ಅಂಕಿ ವಿಳಾಸ ತಿಳಿದುಕೊಳ್ಳುತ್ತದೆ. ಸಾಮಾನ್ಯವಾಗಿ ಇದು ಸಂಪರ್ಕ ಕೊಟ್ಟ ಕಂಪನಿಯ ಸರ್ವರ್. ಅದರ ಬದಲು ಅಶ್ಲೀಲ ತಾಣಗಳ ವಿಳಾಸವನ್ನೇ ಕೊಡದ ಸರ್ವರನ್ನು ಕೇಳುವಂತೆ ಮಾಡಿದರೆ ಕೆಲಸ ಮುಗಿಯಿತು. ಕ್ಲೌಡ್‌ಫ್ಲೇರ್‌ನ ಕುಟುಂಬ ಸೇವೆಯ ವಿಳಾಸ 1.1.1.3 ಮತ್ತು 1.0.0.3. ಓಪನ್‌ಡಿಎನ್‌ಎಸ್‌ನ ಫ್ಯಾಮಿಲಿಶೀಲ್ಡ್ 208.67.222.123 ಮತ್ತು 208.67.220.123. ಕ್ಲೀನ್‌ಬ್ರೌಸಿಂಗ್‌ನ ಫ್ಯಾಮಿಲಿ ಫಿಲ್ಟರ್ 185.228.168.168 ಮತ್ತು 185.228.169.168. ಮೂರೂ ಉಚಿತ. ಕೊನೆಯದು ಹೆಚ್ಚು ಬಿಗಿ: ಹುಡುಕಾಟವನ್ನೂ ಯೂಟ್ಯೂಬನ್ನೂ ಸುರಕ್ಷಿತ ಸ್ಥಿತಿಗೆ ತರುತ್ತದೆ, ತಡೆ ತಪ್ಪಿಸಿ ಬೇರೆ ದಾರಿಯಲ್ಲಿ ಸಂಪರ್ಕ ಕೊಡುವ ವಿಪಿಎನ್ ತಾಣಗಳನ್ನು ತಡೆಯುತ್ತದೆ, ರೆಡ್ಡಿಟ್‌ನಂಥ ಮಿಶ್ರ ತಾಣಗಳನ್ನೂ ಮುಚ್ಚುತ್ತದೆ.

ರೌಟರಿನಲ್ಲಿ ಬದಲಾಯಿಸುವುದು ಹೀಗೆ. ಬ್ರೌಸರಿನಲ್ಲಿ 192.168.1.1 ಎಂದು ಹೊಡೆಯಿರಿ. ತೆರೆಯದಿದ್ದರೆ ಸರಿಯಾದ ವಿಳಾಸವೂ ಪಾಸ್‌ವರ್ಡೂ ಸಾಮಾನ್ಯವಾಗಿ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತವೆ. ಒಳಹೋದ ಕೂಡಲೇ ಆ ಪಾಸ್‌ವರ್ಡ್ ಬದಲಾಯಿಸಿ. ನೀವು ಚೀಟಿ ನೋಡಿ ಒಳಹೋಗಬಹುದಾದರೆ ಒಂಬತ್ತನೇ ತರಗತಿಯ ಹುಡುಗನೂ ಹೋಗಬಲ್ಲ. ಆಮೇಲೆ ಲ್ಯಾನ್ (ಒಳಗಿನ ಜಾಲ) ವಿಭಾಗದಲ್ಲಿ, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಡಿಹೆಚ್‌ಸಿಪಿ ಪುಟದಲ್ಲಿ ಪ್ರೈಮರಿ, ಸೆಕೆಂಡರಿ ಡಿಎನ್‌ಎಸ್ ಎಂಬ ಎರಡು ಖಾನೆಗಳಿಗೆ ಒಂದೇ ಸೇವೆಯ ಎರಡು ಅಂಕಿ ಹಾಕಿ ಉಳಿಸಿ, ರೌಟರನ್ನೂ ಕಂಪ್ಯೂಟರುಗಳನ್ನೂ ಆರಿಸಿ ಮತ್ತೆ ಹಚ್ಚಿ.

ಹೆಚ್ಚಿನವರು ಎಡವುವುದು ಎರಡನೇ ಖಾನೆಯಲ್ಲಿ. ‘ಮೊದಲನೆಯದು ಕೈಕೊಟ್ಟರೆ ಇರಲಿ’ ಎಂದು ಅಲ್ಲಿ ಗೂಗಲ್‌ನ 8.8.8.8 ಹಾಕುತ್ತಾರೆ. ಮೊದಲನೆಯದರ ಉತ್ತರ ಕೊಂಚ ತಡವಾದರೂ ವಿಂಡೋಸ್ ಎರಡನೆಯದನ್ನು ಕೇಳುತ್ತದೆ. ಹೀಗಾಗಿ ತಡೆ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಇನ್ನೊಂದು ಕಿಂಡಿ ಐಪಿವಿ6, ಅಂದರೆ ಹೊಸ ಮಾದರಿಯ ಉದ್ದನೆಯ ಅಂಕಿ ವಿಳಾಸ. ರೌಟರ್ ಅದನ್ನೂ ಹಂಚುತ್ತಿದ್ದರೆ ಕಂಪನಿಯ ಐಪಿವಿ6 ಡಿಎನ್‌ಎಸ್ ಮೂಲಕ ಎಲ್ಲವೂ ತೆರೆಯುತ್ತದೆ. ಅದರ ಖಾನೆಯಲ್ಲಿ 2606:4700:4700::1113 ಮತ್ತು 2606:4700:4700::1003 ಹಾಕಿ. ಇವು ಕ್ಲೌಡ್‌ಫ್ಲೇರ್‌ನವು. ಅಂಥ ಖಾನೆಯೇ ಇಲ್ಲದಿದ್ದರೆ ಲ್ಯಾನ್‌ನಲ್ಲಿ ಐಪಿವಿ6 ನಿಲ್ಲಿಸಿ.

ಪರೀಕ್ಷೆಗೆ ನಿಜವಾದ ಅಶ್ಲೀಲ ತಾಣ ತೆರೆದು ನೋಡಬೇಕಾಗಿಲ್ಲ. ಕ್ಲೌಡ್‌ಫ್ಲೇರ್ ಇದಕ್ಕೆಂದೇ ‘ನ್ಯೂಡಿಟಿ ಡಾಟ್ ಟೆಸ್ಟ್‌ಕೆಟಗರಿ ಡಾಟ್ ಕಾಮ್’ ಎಂಬ ಪುಟ ಇಟ್ಟಿದೆ. ಅದು ತೆರೆಯಬಾರದು. ತೆರೆದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್ ಸ್ಲ್ಯಾಶ್ ಆಲ್’ ಕೊಟ್ಟು ಡಿಎನ್‌ಎಸ್ ಸಾಲಿನಲ್ಲಿ ಯಾವ ಅಂಕಿ ಇದೆ ನೋಡಿ. ಅಲ್ಲಿ 192.168.1.1 ಎಂದಷ್ಟೇ ಇದ್ದರೆ ರೌಟರ್ ಪ್ರಶ್ನೆಗಳನ್ನು ತಾನೇ ಕಂಪನಿಯ ಸರ್ವರಿಗೆ ದಾಟಿಸುತ್ತಿದೆ ಎಂದು ಊಹಿಸಬಹುದು. ಆಗ ವ್ಯಾನ್ (ಹೊರಗಿನ ಸಂಪರ್ಕ) ವಿಭಾಗದಲ್ಲೂ ಡಿಎನ್‌ಎಸ್ ಬದಲಾಯಿಸಬೇಕು.

ಕೆಲವು ಕಂಪನಿಗಳ ಪೆಟ್ಟಿಗೆಗಳಲ್ಲಿ ಈ ಖಾನೆಗೆ ಬೀಗ ಇರುತ್ತದೆ. ಆಗ ಒಂದೊಂದು ಕಂಪ್ಯೂಟರಿನ ನೆಟ್‌ವರ್ಕ್ ಅಡಾಪ್ಟರಿನಲ್ಲೇ ಹಾಕಿ. ಒಂದು ರೀತಿಯಲ್ಲಿ ಇದೇ ಒಳ್ಳೆಯದು. ಮಕ್ಕಳು ಕೂರುವ ಎರಡಕ್ಕೆ ಬಿಗಿಯಾದ ಕ್ಲೀನ್‌ಬ್ರೌಸಿಂಗ್, ದೊಡ್ಡವರ ಎರಡಕ್ಕೆ 1.1.1.3 ಎಂದು ಬೇರೆ ಮಾಡಬಹುದು. ಸಿಡಿಲಿಗೆ ಪೆಟ್ಟಿಗೆ ಸುಟ್ಟು ಲೈನ್‌ಮನ್ ಹೊಸದು ಕೂರಿಸಿದಾಗ ರೌಟರಿನಲ್ಲಿ ಹಾಕಿದ್ದೆಲ್ಲ ಹೋಗುತ್ತದೆ, ಕಂಪ್ಯೂಟರಿನಲ್ಲಿ ಹಾಕಿದ್ದು ಉಳಿಯುತ್ತದೆ. ಏಪ್ರಿಲ್–ಮೇ ಗುಡುಗಿನ ಕಾಲದ ನಂತರ ಒಮ್ಮೆ ಪರೀಕ್ಷಾ ಪುಟ ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಒಂದು ಮಾತು ಓದುಗರಿಗೂ ಹೇಳಿಡಿ: ಕ್ಲೌಡ್‌ಫ್ಲೇರ್ ತಡೆದ ತಾಣಕ್ಕೆ ‘ಇದು ತಡೆಯಲಾಗಿದೆ’ ಎಂಬ ಪುಟ ಬರುವುದಿಲ್ಲ, ‘ತಾಣ ಸಿಗುತ್ತಿಲ್ಲ’ ಎಂದಷ್ಟೇ ಬರುತ್ತದೆ. ಜನ ನೆಟ್ ಹೋಯಿತು ಎಂದುಕೊಳ್ಳುತ್ತಾರೆ. ಫ್ಯಾಮಿಲಿಶೀಲ್ಡ್ ತನ್ನ ಪುಟ ತೋರಿಸಲು ಹೊರಟರೂ ಈಗಿನ ಬಹುತೇಕ ತಾಣಗಳು ಗುಪ್ತಲಿಪಿಯಲ್ಲಿ ಸಾಗುವ ಹೆಚ್‌ಟಿಟಿಪಿಎಸ್ ಆದ್ದರಿಂದ ಮೊದಲು ಕೆಂಪು ಎಚ್ಚರಿಕೆಯೇ ಕಾಣುತ್ತದೆ.

ಪ್ರಶ್ನೆ: ಡಿಎನ್‌ಎಸ್ ಬದಲಾಯಿಸಿದ್ದೇವೆ. ಆದರೂ ಪಿಯುಸಿ ಹುಡುಗರು ದಾಟಿ ಹೋಗುತ್ತಿದ್ದಾರೆ. ಹೇಗೆ ದಾಟುತ್ತಾರೆ ಎಂಬುದೇ ತಿಳಿಯುತ್ತಿಲ್ಲ.
– ಕುಶಾಲನಗರ

ಮುಖ್ಯ ದಾರಿ ನಾಲ್ಕು. ಕ್ರೋಮ್‌ನ ಸೆಟ್ಟಿಂಗ್‌ನಲ್ಲಿ ‘ಸೆಕ್ಯೂರ್ ಡಿಎನ್‌ಎಸ್’ ಎಂಬಲ್ಲಿ ಬೇರೆ ಸರ್ವರ್ ಆರಿಸುತ್ತಾರೆ. ವಿಪಿಎನ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳುತ್ತಾರೆ. ಪೆನ್‌ಡ್ರೈವಿನಿಂದ ವಿಪಿಎನ್ ಸಮೇತ ಬರುವ ಒಪೆರಾದಂಥ ಬ್ರೌಸರ್ ಓಡಿಸುತ್ತಾರೆ. ಇಲ್ಲವೇ ಕಂಪ್ಯೂಟರನ್ನು ತಮ್ಮ ಮೊಬೈಲ್ ಹಾಟ್‌ಸ್ಪಾಟಿಗೇ ಸೇರಿಸುತ್ತಾರೆ.

ಎಲ್ಲಕ್ಕೂ ಮೊದಲು, ಓದುಗರು ಬಳಸುವ ಖಾತೆ ಅಡ್ಮಿನಿಸ್ಟ್ರೇಟರ್ ಆಗಿರಲೇಬಾರದು. ‘ಸ್ಟ್ಯಾಂಡರ್ಡ್’ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮಲ್ಲಿ ಮಾತ್ರ ಇರಲಿ. ಅದನ್ನು ಮಾನಿಟರ್ ಹಿಂದೆ ಚೀಟಿ ಬರೆದು ಅಂಟಿಸುವ ಅಭ್ಯಾಸ ಬೇಡ.

ನಂತರ ಕ್ರೋಮ್‌ನ ಪಾಲಿಸಿ, ಅಂದರೆ ಬಳಸುವವರು ಬದಲಾಯಿಸಲಾಗದ ನಿಯಮ. ಅಡ್ಮಿನ್ ಖಾತೆಯಲ್ಲಿ ವಿಂಡೋಸಿನ ಒಳಗಿನ ಸೆಟ್ಟಿಂಗ್ ತಿದ್ದುವ ರೆಜಿಸ್ಟ್ರಿ ಎಡಿಟರ್ ತೆರೆದು ‘ಹೆಚ್‌ಕೀ ಲೋಕಲ್ ಮಷೀನ್ → ಸಾಫ್ಟ್‌ವೇರ್ → ಪಾಲಿಸೀಸ್ → ಗೂಗಲ್ → ಕ್ರೋಮ್’ ವರೆಗೆ ಹೋಗಿ. ಕೊನೆಯ ಎರಡು ಫೋಲ್ಡರ್ ಇಲ್ಲದಿದ್ದರೆ ನೀವೇ ಮಾಡಿ. ಅಲ್ಲಿ ‘ಡಿಎನ್‌ಎಸ್‌ಓವರ್‌ಹೆಚ್‌ಟಿಟಿಪಿಎಸ್‌ಮೋಡ್’ ಎಂಬ ಸ್ಟ್ರಿಂಗ್ (ಅಕ್ಷರದ ಬೆಲೆ) ಮಾಡಿ ಅದಕ್ಕೆ ‘ಆಫ್’ ಕೊಡಿ. ‘ಇಂಕಾಗ್ನಿಟೋಮೋಡ್‌ಅವೈಲಬಿಲಿಟಿ’, ‘ಫೋರ್ಸ್‌ಗೂಗಲ್‌ಸೇಫ್‌ಸರ್ಚ್’, ‘ಫೋರ್ಸ್‌ಯೂಟ್ಯೂಬ್‌ರಿಸ್ಟ್ರಿಕ್ಟ್’ ಈ ಮೂರನ್ನು ಡಿವರ್ಡ್ (ಅಂಕಿಯ ಬೆಲೆ) ಆಗಿ ಮಾಡಿ, ಮೂರಕ್ಕೂ 1 ಕೊಡಿ. ಇವು ಗುಟ್ಟಿನ ಇಂಕಾಗ್ನಿಟೋ ಕಿಟಕಿಯನ್ನು ಮುಚ್ಚುತ್ತವೆ, ಗೂಗಲ್ ಹುಡುಕಾಟವನ್ನೂ ಯೂಟ್ಯೂಬನ್ನೂ ಸುರಕ್ಷಿತ ಸ್ಥಿತಿಗೆ ತರುತ್ತವೆ. ‘ಎಕ್ಸ್‌ಟೆನ್ಷನ್‌ಇನ್‌ಸ್ಟಾಲ್‌ಬ್ಲಾಕ್‌ಲಿಸ್ಟ್’ ಎಂಬ ಒಳಫೋಲ್ಡರಿನಲ್ಲಿ 1 ಎಂಬ ಹೆಸರಿನ ಸ್ಟ್ರಿಂಗಿಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಯಾವ ಎಕ್ಸ್‌ಟೆನ್ಷನ್ನೂ ಕೂರುವುದಿಲ್ಲ. ಹೆಸರುಗಳಲ್ಲಿ ನಡುವೆ ಜಾಗ ಬಿಡಬಾರದು. ಒಂದು ಅಕ್ಷರ ತಪ್ಪಿದರೂ ಕ್ರೋಮ್ ದೂರು ಹೇಳದೆ ಆ ನಿಯಮವನ್ನು ಬಿಟ್ಟುಬಿಡುತ್ತದೆ. ಹಾಗಾಗಿ ವಿಳಾಸ ಪಟ್ಟಿಯಲ್ಲಿ ‘ಕ್ರೋಮ್’, ಕೋಲನ್, ಎರಡು ಓರೆ ಗೆರೆ, ‘ಪಾಲಿಸಿ’ ಹೊಡೆದು ಪಟ್ಟಿಯಲ್ಲಿ ಪ್ರತಿಯೊಂದರ ಎದುರು ‘ಓಕೆ’ ಬಂದಿದೆಯೇ ನೋಡಿ. ಕಂಪ್ಯೂಟರಿನಲ್ಲಿ ಉಬುಂಟು ಇದ್ದರೆ ಇವೇ ನಿಯಮಗಳನ್ನು ಒಂದು ಜೆಸಾನ್ ಕಡತದಲ್ಲಿ ಬರೆದು ‘ಇಟಿಸಿ’ ಒಳಗಿನ ‘ಆಪ್ಟ್ – ಕ್ರೋಮ್ – ಪಾಲಿಸೀಸ್ – ಮ್ಯಾನೇಜ್ಡ್’ ಫೋಲ್ಡರಿಗೆ ಹಾಕಬೇಕು. ಎಡ್ಜ್ ಬ್ರೌಸರಿಗೆ ಪ್ರತ್ಯೇಕ ಪಾಲಿಸಿಗಳಿವೆ. ಕ್ರೋಮ್ ಬಿಗಿ ಮಾಡಿ ಎಡ್ಜನ್ನು ಹಾಗೇ ಬಿಟ್ಟರೆ ಮಾಡಿದ್ದೆಲ್ಲ ದಂಡ.

ಪೆನ್‌ಡ್ರೈವಿನ ಬ್ರೌಸರಿಗೆ ಸ್ಟ್ಯಾಂಡರ್ಡ್ ಖಾತೆ ಅಡ್ಡಿಯಲ್ಲ, ಏಕೆಂದರೆ ಅದನ್ನು ಇನ್‌ಸ್ಟಾಲ್ ಮಾಡಬೇಕಾಗಿಯೇ ಇಲ್ಲ. ಇದಕ್ಕೆ ವಿಂಡೋಸ್ ಪ್ರೊದಲ್ಲಿ ಆಪ್‌ಲಾಕರ್ ಇದೆ. ಅದರ ಡೀಫಾಲ್ಟ್ ನಿಯಮಗಳನ್ನು ಹಾಕಿದರೆ ಪ್ರೋಗ್ರಾಂ ಫೈಲ್ಸ್ ಮತ್ತು ವಿಂಡೋಸ್ ಫೋಲ್ಡರಿನಲ್ಲಿರುವುದು ಮಾತ್ರ ಓಡುತ್ತದೆ. ‘ಅಪ್ಲಿಕೇಶನ್ ಐಡೆಂಟಿಟಿ’ ಸೇವೆ ನಿಂತಿದ್ದರೆ ನಿಯಮ ಹಾಕಿಯೂ ಪ್ರಯೋಜನವಿಲ್ಲ, ಅದನ್ನು ಚಾಲೂ ಮಾಡಿಡಿ. ಹಾಟ್‌ಸ್ಪಾಟಿನ ಪರಿಹಾರ ಸುಲಭ: ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಕೊಟ್ಟು, ವೈಫೈ ಅಡಾಪ್ಟರನ್ನು ಡಿವೈಸ್ ಮ್ಯಾನೇಜರಿನಲ್ಲಿ ನಿಲ್ಲಿಸಿ.

ಹುಡುಗನೊಬ್ಬ ತನ್ನ ಸ್ವಂತ ಮೊಬೈಲಿನಲ್ಲಿ, ಸ್ವಂತ ಡೇಟಾದಲ್ಲಿ ಏನು ನೋಡುತ್ತಾನೆ ಎಂಬುದು ಈ ಯಾವುದರಿಂದಲೂ ನಿಲ್ಲುವುದಿಲ್ಲ. ಅದು ಗ್ರಂಥಾಲಯದ ಕಂಪ್ಯೂಟರಿನ ಹೊಣೆಯೂ ಅಲ್ಲ.

ಪ್ರಶ್ನೆ: ಕೋವಿ ವಿನಾಯಿತಿ ಪತ್ರದ ಬಗ್ಗೆ ಹುಡುಕಿದರೆ ನಮ್ಮೂರ ಗ್ರಂಥಾಲಯದಲ್ಲಿ ಪುಟಗಳೇ ತೆರೆಯುವುದಿಲ್ಲ. ಸೇನಾ ನೇಮಕಾತಿಯ ಮಾಹಿತಿ ತಾಣ ಒಂದೂ ಹಾಗೇ ಆಯಿತು. ಇದೆಂಥ ಫಿಲ್ಟರ್?
– ವಿರಾಜಪೇಟೆ ತಾಲ್ಲೂಕಿನ ಓದುಗರು

ಯಾರೋ ಉತ್ಸಾಹದಿಂದ ಎಲ್ಲ ಚೌಕಗಳಿಗೂ ಟಿಕ್ ಹಾಕಿರುವ ಫಿಲ್ಟರ್! ಖಾತೆ ತೆರೆದು ಬಳಸುವ ಫಿಲ್ಟರ್ ಸೇವೆಗಳಲ್ಲಿ ಅಶ್ಲೀಲ, ಜೂಜು, ಮದ್ಯ, ಆಯುಧ, ಡೇಟಿಂಗ್, ಆಟ ಎಂದು ಹತ್ತಾರು ವರ್ಗಗಳಿರುತ್ತವೆ. ಅವನ್ನು ವಿಂಗಡಿಸಿದವರಿಗೆ ಕೊಡಗು ಗೊತ್ತಿಲ್ಲ. 1959ರ ಆಯುಧ ಕಾಯ್ದೆಯಡಿ ಕೊಡವರಿಗೂ ಜಮ್ಮಾ (ಕೊಡಗಿನ ಪರಂಪರಾಗತ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಬಂದಾಗ ಕೋವಿಗೆ ಹೂವಿಟ್ಟು ಪೂಜಿಸುವ ಜಿಲ್ಲೆ ಇದು. ಇಲ್ಲಿ ಆಯುಧ ವರ್ಗ ಮುಚ್ಚಿದರೆ ಕಾನೂನಿನ ಮಾಹಿತಿ, ಹಬ್ಬದ ಲೇಖನ, ಸೈನ್ಯಕ್ಕೆ ಸೇರಲು ಹೊರಟವನ ಓದು ಮೂರೂ ಕೆಡುತ್ತವೆ. ಮದ್ಯ ವರ್ಗ ಮುಚ್ಚಿದರೆ ಮನೆಯಲ್ಲೇ ಹಣ್ಣಿನ ವೈನ್ ಮಾಡಿ ಮಾರುವ ಹೆಂಗಸರಿಗೆ ತೊಂದರೆ.

ನಮ್ಮ ಸಲಹೆ: ಅಶ್ಲೀಲ, ವೈರಸ್–ವಂಚನೆ, ಜೂಜು ಈ ಮೂರು ವರ್ಗ ಸಾಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆಯೇ ನಿಷೇಧಿಸಿರುವುದರಿಂದ ಜೂಜಿನ ವರ್ಗದ ಬಗ್ಗೆ ತಕರಾರು ಬರಲಾರದು. ಮಿಕ್ಕವನ್ನು ಬಿಡಿ.

ಪದ ಹಿಡಿದು ತಡೆಯುವ ಫಿಲ್ಟರ್ ಇನ್ನೂ ಕೆಟ್ಟದು. ಕೆಲವು ರೌಟರುಗಳಲ್ಲಿ ‘ಕೀವರ್ಡ್ ಬ್ಲಾಕ್’ ಎಂಬ ಖಾನೆ ಇದೆ. ಅಲ್ಲಿ ‘ಕಾಮ’ ಎಂದು ಹಾಕಿದರೆ ಪಂಚಾಯ್ತಿಯ ಕಾಮಗಾರಿಯೂ ಕಾಮಾಲೆ ರೋಗವೂ ಅದರಲ್ಲೇ ಸಿಕ್ಕಿಕೊಳ್ಳಬೇಕು. ಆದರೆ ಹೆಚ್ಚಿನ ಸಲ ಅಷ್ಟೂ ಆಗುವುದಿಲ್ಲ. ವಿಳಾಸದಲ್ಲಿ ಕನ್ನಡ ಅಕ್ಷರ ಹಾಗೇ ಸಾಗುವುದಿಲ್ಲ, ಒಂದೊಂದೂ ಶೇಕಡಾ ಚಿಹ್ನೆ ಮತ್ತು ಅಂಕಿ–ಅಕ್ಷರಗಳ ಮೂರು ಜೋಡಿಯಾಗಿ ಬದಲಾಗುತ್ತದೆ. ಅದಕ್ಕೂ ಮಿಗಿಲಾಗಿ, ಹೆಚ್‌ಟಿಟಿಪಿಎಸ್ ತಾಣದಲ್ಲಿ ರೌಟರಿಗೆ ಕಾಣುವುದು ತಾಣದ ಹೆಸರು ಮಾತ್ರ, ಒಳಪುಟದ ವಿಳಾಸವಾಗಲಿ ಹುಡುಕಿದ ಪದವಾಗಲಿ ಅಲ್ಲ.

ತಪ್ಪಾಗಿ ಮುಚ್ಚಿದ್ದನ್ನು ತೆರೆಸಲು ಒಂದು ಕ್ರಮ ಬೇಕು. ಕೌಂಟರಿನಲ್ಲಿ ಒಂದು ಪುಸ್ತಕ ಇಡಲಿ. ಓದುಗರು ತಾಣದ ವಿಳಾಸ, ದಿನಾಂಕ ಬರೆಯಲಿ, ಹೆಸರು ಬೇಡ. ದೊಡ್ಡವರು ಕೇಳಿದರೆ ‘ಏಕೆ ಬೇಕು’ ಎಂದು ವಿಚಾರಿಸದೆ ಮೇಲ್ವಿಚಾರಕರು ಅಲ್ಲೇ ನೋಡಿ ಅನುಮತಿ ಪಟ್ಟಿಗೆ ಸೇರಿಸಲಿ. ಗರ್ಭಪಾತ, ಸ್ತನ ಕ್ಯಾನ್ಸರ್, ಲೈಂಗಿಕ ರೋಗ ಇಂಥದ್ದನ್ನು ಓದಲು ಬಂದವರು ಕಾರಣ ಹೇಳುವ ಬದಲು ಎದ್ದು ಹೋಗುತ್ತಾರೆ. ಇನ್ನೊಂದು ವಿಷಯ: 1.1.1.3ರಂಥ ಬರೀ ಅಂಕಿಯ ಸೇವೆಯಲ್ಲಿ ನೀವಾಗಿ ಅನುಮತಿ ಪಟ್ಟಿ ಮಾಡಲು ಬರುವುದಿಲ್ಲ. ಪಟ್ಟಿ ಬೇಕಿದ್ದರೆ ಖಾತೆ ತೆರೆಯುವ ಸೇವೆಗೇ ಹೋಗಬೇಕು.

ಪ್ರಶ್ನೆ: ಯೂಟ್ಯೂಬನ್ನೇ ಪೂರ್ತಿ ಮುಚ್ಚಿಬಿಟ್ಟರೆ?
– ಪೋಷಕರು, ಸುಂಟಿಕೊಪ್ಪ

ಬೇಡ. ಎಸ್‌ಎಸ್‌ಎಲ್‌ಸಿ ಮಕ್ಕಳ ಗಣಿತ, ವಿಜ್ಞಾನದ ಪಾಠ ಅರ್ಧಕ್ಕರ್ಧ ಅಲ್ಲೇ ಇದೆ. ಮೇಲೆ ಹೇಳಿದ ಯೂಟ್ಯೂಬ್ ನಿಯಮಕ್ಕೆ 1 ಕೊಟ್ಟರೆ ಮಧ್ಯಮ, 2 ಕೊಟ್ಟರೆ ಬಿಗಿ. ಎರಡರಲ್ಲೂ ಕಾಮೆಂಟುಗಳು ಮರೆಯಾಗುತ್ತವೆ. ಬಿಗಿಯಲ್ಲಿ ಒಳ್ಳೆಯ ಪಾಠದ ವಿಡಿಯೊಗಳೂ ಕಾಣದೆ ಹೋಗುವುದುಂಟು, ಅದಕ್ಕೇ 1 ಎಂದೆವು. ಹೆಡ್‌ಫೋನ್ ಕಡ್ಡಾಯ ಮಾಡಿ, ಮಕ್ಕಳ ಪರದೆ ಮೇಲ್ವಿಚಾರಕರ ಮೇಜಿನ ಕಡೆಗಿರಲಿ. ದೊಡ್ಡವರದು ಹಾಗೆ ಬೇಡ, ಅವರು ಆಧಾರ್, ಬ್ಯಾಂಕ್ ಖಾತೆಯ ವಿವರ ತುಂಬುತ್ತಿರುತ್ತಾರೆ.

ಪ್ರಶ್ನೆ: ಸಿಇಟಿ ಅರ್ಜಿ ಹಾಕಲು ಗ್ರಂಥಾಲಯದಲ್ಲಿ ಜಿಮೇಲ್ ತೆರೆದಿದ್ದೆ. ಮಾರನೇ ದಿನ ನನ್ನ ಮೇಲ್ ಬೇರೆಯವರಿಗೆ ತೆರೆದೇ ಕಂಡಿತಂತೆ. ಈಗ ಏನು ಮಾಡಲಿ?
– ವಿದ್ಯಾರ್ಥಿನಿ, ಗೋಣಿಕೊಪ್ಪ

ಮೊದಲು ನಿಮ್ಮ ಮೊಬೈಲಿನಲ್ಲಿ ಗೂಗಲ್ ಖಾತೆಯ ‘ಸೆಕ್ಯೂರಿಟಿ’ ವಿಭಾಗಕ್ಕೆ ಹೋಗಿ, ‘ಯುವರ್ ಡಿವೈಸಸ್’ ಪಟ್ಟಿಯಲ್ಲಿರುವ ಆ ವಿಂಡೋಸ್ ಕಂಪ್ಯೂಟರನ್ನು ಸೈನ್ ಔಟ್ ಮಾಡಿ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ. ರಿಕವರಿ ಫೋನ್ ನಂಬರ್ ನಿಮ್ಮದೇ ಇದೆಯೇ, ಮೇಲ್ ಫಾರ್ವರ್ಡಿಂಗ್‌ನಲ್ಲಿ ಹೊಸ ವಿಳಾಸ ಸೇರಿದೆಯೇ ನೋಡಿ. ವಾಟ್ಸಾಪ್ ವೆಬ್ ಬಳಸಿದ್ದರೆ ‘ಲಿಂಕ್ಡ್ ಡಿವೈಸಸ್’ನಲ್ಲಿ ಅದನ್ನೂ ತೆಗೆಯಿರಿ.

ಇದು ಓದುಗರ ಮರೆವಿಗೆ ಬಿಡುವ ವಿಷಯವೇ ಅಲ್ಲ. ತಡೆಯುವುದರ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ನಾವು ಅಳಿಸುವುದರ ಬಗ್ಗೆ ಯೋಚಿಸುವುದು ಕಡಿಮೆ. ಜನರಿಗೆ ನಿಜವಾದ ನಷ್ಟ ಆಗುವುದು ಇಲ್ಲಿಯೇ. ಮೇಲ್ವಿಚಾರಕರು ಕ್ರೋಮ್ ಪಾಲಿಸಿಯಲ್ಲಿ ‘ಫೋರ್ಸ್‌ಎಫಿಮೆರಲ್‌ಪ್ರೊಫೈಲ್ಸ್’ಗೆ 1 ಕೊಟ್ಟರೆ ಬ್ರೌಸರ್ ಮುಚ್ಚಿದ ಕೂಡಲೇ ಲಾಗಿನ್, ಇತಿಹಾಸ, ಪಾಸ್‌ವರ್ಡ್ ಎಲ್ಲ ಅಳಿಯುತ್ತದೆ. ಆದರೆ ಡೌನ್‌ಲೋಡ್ ಮಾಡಿದ ಕಡತ ಅಳಿಯುವುದಿಲ್ಲ. ಯಾವುದೇ ಸಾರ್ವಜನಿಕ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಊರವರ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ ಸಾಲಾಗಿ ಬಿದ್ದಿರುತ್ತವೆ. ದಿನದ ಕೊನೆಗೆ ಅದನ್ನೂ ಡೆಸ್ಕ್‌ಟಾಪನ್ನೂ ಖಾಲಿ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡುವುದನ್ನು ಮರೆಯಬೇಡಿ. ಪ್ರಿಂಟರ್ ಸಾಲನ್ನೂ ನೋಡಿ. ಕರೆಂಟ್ ಹೋಗಿಯೋ ಹಾಳೆ ಮುಗಿದೋ ನಿಂತ ಪ್ರಿಂಟ್ ಮಾರನೇ ಬೆಳಿಗ್ಗೆ ಯಂತ್ರ ಹಚ್ಚಿದೊಡನೆ ಹೊರಬಂದು ಯಾರ ಕೈಗೋ ಸೇರುತ್ತದೆ.

ಪ್ರಶ್ನೆ: ಯಾರು ಯಾವ ತಾಣ ನೋಡಿದರು ಎಂದು ದಾಖಲೆ ಇಡಬೇಕೆ? ಸೈಬರ್ ಕೆಫೆ ನಿಯಮ ನಮಗೂ ಅನ್ವಯವೇ?
– ಸೋಮವಾರಪೇಟೆ ತಾಲ್ಲೂಕು

ಸೈಬರ್ ಕೆಫೆ ನಿಯಮಗಳು 2011ರವು. ಗುರುತಿನ ಚೀಟಿ ನೋಡುವುದು, ರಿಜಿಸ್ಟರು ಬರೆಯುವುದು, ನೋಡಿದ ತಾಣಗಳ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡುವುದು ಎಲ್ಲ ಅದರಲ್ಲಿದೆ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಸೈಬರ್ ಕೆಫೆ ಎನ್ನುವುದು ವ್ಯವಹಾರವಾಗಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡುವ ಜಾಗಕ್ಕೆ. ಉಚಿತ ಗ್ರಂಥಾಲಯವನ್ನು ಅದರಡಿ ತರುವುದು ಎಳೆದು ತಂದಂತೆ. ತಂದರೆ ಗುರುತಿನ ಚೀಟಿ ಇಲ್ಲದ ಮಗು ದೊಡ್ಡವರ ಜೊತೆಗಲ್ಲದೆ ಕಂಪ್ಯೂಟರ್ ಮುಂದೆ ಕೂರುವಂತೆಯೇ ಇಲ್ಲ. ಇಲಾಖೆಯಿಂದ ಲಿಖಿತ ಆದೇಶ ಬಂದರೆ ಅದರಂತೆ ನಡೆಯಿರಿ. ಇಲ್ಲದಿದ್ದರೆ ಸದಸ್ಯತ್ವ ಸಂಖ್ಯೆ, ಕಂಪ್ಯೂಟರ್ ಸಂಖ್ಯೆ, ಕೂತ ಸಮಯ, ಎದ್ದ ಸಮಯ ಈ ನಾಲ್ಕು ಅಂಕಣ ಸಾಕು. ನಾಳೆ ಪೊಲೀಸರು ಕೇಳಿದರೂ ತೋರಿಸಲು ಅದಿರುತ್ತದೆ. ತಾಣಗಳ ಪಟ್ಟಿಯನ್ನು ನೀವಾಗಿ ಕೂಡಿಡಬೇಡಿ, ಇಟ್ಟರೆ ಅದನ್ನು ಕಾಯುವ ಹೊಣೆಯೂ ನಿಮ್ಮದೇ.

ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಕಂಡರೆ ಮಾತ್ರ ಬೇರೆ ಮಾತು. ಕಾಯ್ದೆಯ 67ಬಿ ಕಲಮಿನಡಿ ಅದು ಗಂಭೀರ ಅಪರಾಧ. ‘ಸಾಕ್ಷಿಗೆ’ ಎಂದು ಫೋಟೊ ತೆಗೆಯುವುದು, ವಾಟ್ಸಾಪಿನಲ್ಲಿ ಮೇಲಧಿಕಾರಿಗೆ ಕಳಿಸುವುದು ನಿಮ್ಮನ್ನೇ ಸಿಕ್ಕಿಸುತ್ತದೆ. ನೆಟ್‌ವರ್ಕ್ ಕೇಬಲ್ ಕಿತ್ತು, ಸಮಯ ಮತ್ತು ಕಂಪ್ಯೂಟರ್ ಸಂಖ್ಯೆ ಬರೆದಿಟ್ಟು, ಪೊಲೀಸರಿಗೆ ತಿಳಿಸಿ. ಮಗು ಅಪಾಯದಲ್ಲಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಒಂದು ಕಂಪ್ಯೂಟರಿನಲ್ಲಿ ಯಾವ ತಾಣವೂ ತೆರೆಯುತ್ತಿಲ್ಲ, ‘ಸಂಪರ್ಕ ಖಾಸಗಿಯಾಗಿಲ್ಲ’ ಎನ್ನುತ್ತದೆ. ಫಿಲ್ಟರ್ ಕೆಟ್ಟಿತೇ?
– ಭಾಗಮಂಡಲ

ಫಿಲ್ಟರ್ ಅಲ್ಲ, ಗಡಿಯಾರ. ಪರದೆಯ ಬಲಗಡೆ ಮೂಲೆಯಲ್ಲಿ ದಿನಾಂಕ ನೋಡಿ, ಎಷ್ಟೋ ವರ್ಷ ಹಿಂದಿನದು ಇದ್ದೀತು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ. ಅದು ಸತ್ತಿದ್ದರೆ ದಿನಾಂಕ ಹಿಂದಕ್ಕೆ ಹೋಗುತ್ತದೆ. ಪ್ರತಿ ತಾಣದ ಪ್ರಮಾಣಪತ್ರಕ್ಕೂ ಇಂತಿಷ್ಟು ದಿನಾಂಕದಿಂದ ಇಂತಿಷ್ಟರ ವರೆಗೆ ಎಂಬ ಅವಧಿ ಇರುವುದರಿಂದ ಹಳೆಯ ದಿನಾಂಕದ ಕಂಪ್ಯೂಟರ್ ಒಂದನ್ನೂ ನಂಬುವುದಿಲ್ಲ. ಸದ್ಯಕ್ಕೆ ದಿನಾಂಕ ಕೈಯಿಂದ ಸರಿಮಾಡಿ. ಆಮೇಲೆ ಪ್ಲಗ್ ಕಿತ್ತು ಬ್ಯಾಟರಿ ಬದಲಾಯಿಸಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಹಳೆಯದನ್ನು ತೆಗೆಯುವ ಮುಂಚೆ ಯಾವ ಮುಖ ಮೇಲಿತ್ತು ನೋಡಿಕೊಳ್ಳಿ.

ರೌಟರಿಗೆ ಪ್ರತ್ಯೇಕ 12 ವೋಲ್ಟಿನ ಸಣ್ಣ ಯುಪಿಎಸ್ ಇಡಿ. ಅದು ಎಳೆಯುವ ಕರೆಂಟ್ ಕಡಿಮೆ, ಕಂಪ್ಯೂಟರಿನ ಯುಪಿಎಸ್ ಕೆಲವೇ ನಿಮಿಷಕ್ಕೆ ಆರಿದ ಮೇಲೂ ಇದು ನಡೆಯುತ್ತಿರುತ್ತದೆ. ಮೋಡ ಕವಿದಾಗಲೇ, ಗುಡುಗು ಶುರುವಾಗುವ ಮೊದಲೇ, ಅಡಾಪ್ಟರಿನ ಜೊತೆ ಲ್ಯಾನ್ ಕೇಬಲನ್ನೂ ಕೀಳಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು, ತಾಮ್ರದ ಲ್ಯಾನ್ ಕೇಬಲಿನಲ್ಲಿ ಹರಿಯುತ್ತದೆ. ಜೂನ್‌ನಿಂದ ಆಗಸ್ಟ್ ವರೆಗೆ ಯಾರೂ ಬರದ ದಿನವೂ ಕಂಪ್ಯೂಟರುಗಳನ್ನು ಒಂದು ಗಂಟೆ ಹಚ್ಚಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.